ಬೆಳಕಿನ ಸರಪಳಿ : ಲೈಡಾರ್ ಎಂದರೇನು?

ಗೆಳೆಯರೇ, ನಮ್ಮೂರ ದಾರಿ ಬದಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಹಳದಿ ಪೆಟ್ಟಿಗೆ ಇಟ್ಟುಕೊಂಡು ಸರ್ವೇದವರು ನಿಂತಿದ್ದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಒಬ್ಬರು ಪೆಟ್ಟಿಗೆಗೆ ಕಣ್ಣು ಹಚ್ಚಿ ನಿಂತಿದ್ದರು. ಇನ್ನೊಬ್ಬರು ದೂರದಲ್ಲಿ, ಬಿಸಿಲಲ್ಲಿ, ಒಂದು ಕೋಲು ಹಿಡಿದು ನಿಂತಿದ್ದರು. ಕೋಲಿನ ತುದಿಗೆ ಗಾಜಿನ ಬಿಲ್ಲೆಯಂಥದು ಮಿಂಚುತ್ತಿತ್ತು. ಶಾಲೆ ಬಿಟ್ಟು ಮನೆಗೆ ಹೊರಟವರು ನಾವು ನಾಲ್ಕೈದು ಮಂದಿ ಅಲ್ಲೇ ನಿಂತೆವು.

"ಇದು ಫೋಟೋ ತಗಿಯೂದೇನ್ರೀ ಸಾಹೇಬ್ರ?" ಅಂತ ನಾನು ಕೇಳಿದೆ.

"ಅಲ್ಲಪಾ ತಮ್ಮಾ, ಇದಕ್ಕ ಟೋಟಲ್ ಸ್ಟೇಷನ್ ಅಂತಾರ. ಆ ಕೋಲು ಇಲ್ಲಿಂದ ಎಷ್ಟು ದೂರ ಐತಿ, ಎಷ್ಟು ಎತ್ತರದಾಗ ಐತಿ ಅಂತ ಹೇಳತೈತಿ."

"ಸರಪಳಿ ಹಿಡೀದನ?"

"ಹಿಡದೀನಲ್ಲ. ಬೆಳಕಿನ ಸರಪಳಿ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಅಜ್ಜನ ಕಾಲದಲ್ಲಿ ಹೊಲ ಅಳೆಯಲು ನಿಜವಾದ ಕಬ್ಬಿಣದ ಸರಪಳಿ ತರುತ್ತಿದ್ದರು. ಅದರ ಉದ್ದ 33 ಅಡಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ಇಂಥ 40 ಗುಂಟೆ ಕೂಡಿದರೆ ಒಂದು ಎಕರೆ. ಬೇಸಿಗೆಯಲ್ಲಿ ಸರಪಳಿ ಕಾದು ಒಂದಿಷ್ಟು ಉದ್ದವಾಗುತ್ತದೆ, ಸಡಿಲ ಹಿಡಿದರೆ ಲೆಕ್ಕ ತಪ್ಪುತ್ತದೆ, ಬದುವಿನ ಮುಳ್ಳುಕಂಟಿ ಅಡ್ಡ ಬರುತ್ತದೆ. ಅಣ್ಣತಮ್ಮಂದಿರು ಬಾಯಿ ಮಾಡಿಕೊಳ್ಳಲು ಇಷ್ಟು ಸಾಕು! ಬೆಳಕಿಗೆ ಈ ತೊಂದರೆ ಇಲ್ಲ. ಅದು ಕಾಯುವುದಿಲ್ಲ, ಜೋಲು ಬೀಳುವುದಿಲ್ಲ. ಆದರೆ ಬೆಳಕನ್ನು ಹಿಡಿದು ಅಳೆಯುವುದು ಹೇಗೆ?

ಇದನ್ನು ತಿಳಿಯಲು ಊರ ಹೊರಗಿನ ಕಲ್ಲಿನ ಖಣಿಗೆ ಹೋಗಬೇಕು (ಅಂಚಿಗೆ ಹೋಗಬೇಡಿ). ಎದುರಿನ ಕಲ್ಲುಗೋಡೆಗೆ ಮುಖ ಮಾಡಿ "ಓಯ್" ಎಂದು ಕೂಗಿದರೆ ಸ್ವಲ್ಪ ಹೊತ್ತಿಗೆ ಗೋಡೆಯೂ "ಓಯ್" ಅನ್ನುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕೂಗಿದ ಒಂದು ಸೆಕೆಂಡಿಗೆ ಸರಿಯಾಗಿ ಪ್ರತಿಧ್ವನಿ ಬಂದರೆ ಗೋಡೆ ಎಷ್ಟು ದೂರ? ನಾನು ನೋಟ್‌ಬುಕ್ಕಿನಲ್ಲಿ 340 ಮೀಟರ್ ಅಂತ ಬರೆದಿದ್ದೆ. ಗುರುಗಳು ಕೆಂಪು ಶಾಯಿಯಿಂದ ಸುತ್ತು ಹಾಕಿ, "ಹೋಗೂದು ಒಂದ ಲೆಕ್ಕ ಹಿಡದಿ, ಬರೂದು ಯಾರ ಲೆಕ್ಕಕ್ಕ?" ಎಂದು ಕೇಳಿದರು. ಶಬ್ದ ಹೋಗಿಯೂ ಬಂದಿದೆ. ಆದ್ದರಿಂದ ಅರ್ಧ ಮಾಡಬೇಕು. ಉತ್ತರ 170 ಮೀಟರ್. ಈ "ಅರ್ಧ ಮಾಡುವುದು" ಇಡೀ ಪಾಠದ ಬೇರು, ಮರೆಯಬೇಡಿ.

ಬಾವಲಿ ಕತ್ತಲಲ್ಲಿ ಹಾರುವುದು ಹೀಗೆಯೇ. ಅದು ಕೂಗಿ, ಕೇಳಿ, ದೂರ ತಿಳಿಯುತ್ತದೆ.

ಈಗ ಕೂಗಿನ ಬದಲು ಬೆಳಕನ್ನು ಬಿಡೋಣ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ನಿಖರವಾಗಿ ಹೇಳಬೇಕೆಂದರೆ 29,97,92,458 ಮೀಟರ್. ಖಣಿಯ ಅದೇ ಗೋಡೆಗೆ ಹೋಗಿ ಬರಲು ಬೆಳಕಿಗೆ ಹಿಡಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲ, ಅಷ್ಟೇ. ನಾವು ರೆಪ್ಪೆ ಬಡಿಯುವುದರೊಳಗೆ ಅದು ಲಕ್ಷ ಸಲ ಹೋಗಿ ಬಂದಿರುತ್ತದೆ. ಹಾಗಾಗಿ ಕೈಗಡಿಯಾರ ಇಲ್ಲಿ ಕೆಲಸಕ್ಕೆ ಬಾರದು. ನ್ಯಾನೋಸೆಕೆಂಡ್ ಎಣಿಸುವ ಗಡಿಯಾರ ಬೇಕು. ಒಂದು ಸೆಕೆಂಡನ್ನು ನೂರು ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಹೋಗುವುದು 30 ಸೆಂಟಿಮೀಟರ್, ನಮ್ಮ ಒಂದು ಅಡಿಯ ಪಟ್ಟಿಯಷ್ಟು. ಹೋಗಿ ಬರುವ ಲೆಕ್ಕದಲ್ಲಿ ಅರ್ಧ ಮಾಡಿದರೆ 15 ಸೆಂಟಿಮೀಟರ್. ಅಂದರೆ ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಅಳತೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ತಪ್ಪುತ್ತದೆ.

ಟಾರ್ಚು ಬಿಟ್ಟರೆ ಆಗುವುದಿಲ್ಲವೇ? ಆಗುವುದಿಲ್ಲ. ಟಾರ್ಚಿನ ಬೆಳಕು ಹರಡಿಕೊಂಡು ಹೋಗುತ್ತದೆ, ಅದರಲ್ಲಿ ಎಲ್ಲ ಬಣ್ಣವೂ ಕಲೆತಿರುತ್ತದೆ. ಜಾತ್ರೆಯಲ್ಲಿ ಮಾರುವ ಲೇಸರ್ ಲೈಟಿನ ಕೆಂಪು ಚುಕ್ಕೆ ದೂರದ ಗೋಡೆಯ ಮೇಲೂ ಚುಕ್ಕೆಯಾಗಿಯೇ ಇರುತ್ತದೆ. ಲೇಸರ್ ನೆಟ್ಟಗೆ ಹೋಗುತ್ತದೆ, ಅದಕ್ಕೆ ಒಂದೇ ಬಣ್ಣ. ಒಂದೇ ಬಣ್ಣ ಇರುವುದರ ಲಾಭವೇನೆಂದರೆ, ಮರಳಿ ಬಂದ ಬೆಳಕನ್ನು ಹಿಡಿಯುವ ಕಣ್ಣಿನ ಮುಂದೆ ಆ ಬಣ್ಣ ಮಾತ್ರ ಬಿಡುವ ಗಾಜು ಇಟ್ಟು ಸೂರ್ಯನ ಬೆಳಕನ್ನು ಬಹಳ ಮಟ್ಟಿಗೆ ಹೊರಗೇ ನಿಲ್ಲಿಸಬಹುದು. ಮೇಲಾಗಿ ಲೇಸರನ್ನು ಬಹಳ ಚಿಕ್ಕ ಮಿಡಿತಗಳಾಗಿ, ಟಕ್ ಟಕ್ ಎಂದು ಬಿಡಲು ಬರುತ್ತದೆ. (ಜಾತ್ರೆಯ ಲೇಸರನ್ನು ಒಬ್ಬರ ಕಣ್ಣಿಗೆ ಒಬ್ಬರು ಬಿಡುವ ಆಟ ನಮ್ಮ ತರಗತಿಯಲ್ಲೇ ನಡೆದಿದೆ. ಅದು ಕಣ್ಣಿನ ಒಳಪರದೆಯನ್ನು ಸುಡಬಲ್ಲದು. ಸುಟ್ಟದ್ದು ತಿರುಗಿ ಬರುವುದಿಲ್ಲ. ಯಾರ ಹೆಸರನ್ನೂ ಬರೆದಿಲ್ಲ, ಅವರಿಗೆ ಗೊತ್ತಿದೆ.)

ಇನ್ನು ಹೆಸರಿನ ವಿಷಯ. ನಮ್ಮ ತರಗತಿಯ ಒಬ್ಬ ಗೆಳೆಯ "ಲೇಸರ್ ಅಂದ್ರ ಲೇಸು ಮಾಡೂದು" ಎಂದು ಹೇಳಿ ಎಲ್ಲರನ್ನೂ ನಗಿಸಿದ. ಕೇಳಲು ಚೆಂದ, ಆದರೆ ನಿಜವಲ್ಲ. ಇವೆಲ್ಲ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರ ಪೋಣಿಸಿ ಕಟ್ಟಿದ ಹೆಸರುಗಳು. ಮೊದಲು ಬಂದದ್ದು ರೇಡಾರ್: ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್. ರೇಡಿಯೋ ಅಲೆಯಿಂದ ಇರುವಿಕೆ ಪತ್ತೆ ಹಚ್ಚಿ ದೂರ ಅಳೆಯುವುದು ಎಂದು ಅರ್ಥ. 1940ರಲ್ಲಿ ಅಮೆರಿಕದ ನೌಕಾಪಡೆ ಈ ಹೆಸರನ್ನು ಬಳಕೆಗೆ ತಂದಿತು. ಅದೇ ಜಾಡಿನಲ್ಲಿ ಲೈಡಾರ್: ಲೈಟ್ ಡಿಟೆಕ್ಷನ್ ಅಂಡ್ ರೇಂಜಿಂಗ್. ಲೈಟ್ ಎಂದರೆ ಬೆಳಕು, ಡಿಟೆಕ್ಷನ್ ಎಂದರೆ ಪತ್ತೆ ಹಚ್ಚುವುದು, ರೇಂಜಿಂಗ್ ಎಂದರೆ ದೂರ ಅಳೆಯುವುದು. ಕೆಲವರು ಇದನ್ನೇ "ಲೇಸರ್ ಇಮೇಜಿಂಗ್ ಡಿಟೆಕ್ಷನ್ ಅಂಡ್ ರೇಂಜಿಂಗ್" ಎಂದೂ ಬಿಡಿಸುತ್ತಾರೆ.

ಇಲ್ಲೊಂದು ಮಜಾ ಇದೆ. ಲೇಸರ್ ಹುಟ್ಟಿದ್ದು 1960ರ ಮೇ 16ರಂದು, ಅಮೆರಿಕದ ಥಿಯೋಡರ್ ಮೈಮನ್ ಅವರು ಮಾಣಿಕ್ಯದ ಹರಳಿನಿಂದ ಅದನ್ನು ಮೊದಲು ಬೆಳಗಿಸಿದಾಗ. ಆದರೆ ಲೈಡಾರ್ ಎಂಬ ಮಾತು 1953ರಲ್ಲೇ ಅಚ್ಚಾಗಿದೆ! ಮಿಡಲ್ಟನ್ ಮತ್ತು ಸ್ಪಿಲ್‌ಹಾಸ್ ಎಂಬವರು ಹವಾಮಾನದ ಉಪಕರಣಗಳ ಮೇಲೆ ಬರೆದ ಪುಸ್ತಕದಲ್ಲಿ ಅದು ಬರುತ್ತದೆ. ಆಗ ಲೇಸರ್ ಇಲ್ಲ. ಮೋಡದ ಎತ್ತರ ತಿಳಿಯಲು ಸಾದಾ ಬೆಳಕಿನ ಮಿಂಚು ಬಿಟ್ಟು ಅದು ತಿರುಗಿ ಬರುವುದನ್ನು ನೋಡುತ್ತಿದ್ದರು. ಹಾಗಾದರೆ ಲೈಡಾರ್‌ನ ಮೊದಲಕ್ಷರ "ಲೇಸರ್"ದು ಎನ್ನುವುದಕ್ಕಿಂತ "ಲೈಟ್"ದು ಎನ್ನುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಲೇಸರ್ ಬಂದ ಮರುವರ್ಷ, 1961ರಲ್ಲಿ, ಮೈಮನ್ ಕೆಲಸ ಮಾಡುತ್ತಿದ್ದ ಹ್ಯೂಸ್ ಕಂಪನಿಯೇ ಲೇಸರಿನಿಂದ ದೂರ ಅಳೆಯುವ ಯಂತ್ರ ಮಾಡಿ ಅದಕ್ಕೆ "ಕೊಲಿಡಾರ್" ಎಂದು ಹೆಸರಿಟ್ಟಿತು. ಆ "ಕೊ" ಉದುರಿಹೋಯಿತು, ಉಳಿದದ್ದು ಉಳಿಯಿತು. ಕನ್ನಡದಲ್ಲಿ ಕೆಲವರು ಲಿಡಾರ್, ಕೆಲವರು ಲೈಡಾರ್ ಎಂದು ಬರೆಯುತ್ತಾರೆ. ಲೈಟ್‌ನಿಂದ ಬಂದದ್ದು ಆದ್ದರಿಂದ ನಾನು ಲೈಡಾರ್ ಎಂದೇ ಬರೆಯುತ್ತೇನೆ. ಸರ್ವೇ ಸಾಹೇಬರ "ಬೆಳಕಿನ ಸರಪಳಿ"ಯೇ ಇವೆರಡಕ್ಕಿಂತ ಚೆಂದದ ಹೆಸರು.

ಟೋಟಲ್ ಸ್ಟೇಷನ್ ಒಂದು ಸಲಕ್ಕೆ ಒಂದು ಬಿಂದು ಅಳೆಯುತ್ತದೆ. ಲೈಡಾರ್ ಅದರ ತಮ್ಮ, ಬಹಳ ಚುರುಕು. ವಿಮಾನ ಇಲ್ಲವೇ ಡ್ರೋನಿನ ಹೊಟ್ಟೆಗೆ ಕಟ್ಟಿ ಹಾರಿಸಿದರೆ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತ ಬಿಡುತ್ತದೆ. ಪ್ರತಿಯೊಂದು ಮಿಡಿತವೂ ನೆಲಕ್ಕೆ ತಾಗಿ ತಿರುಗಿ ಬಂದು ಒಂದು ಬಿಂದುವಾಗುತ್ತದೆ. ಬರೀ ದೂರ ಗೊತ್ತಾದರೆ ಸಾಲದು. ಆ ಕ್ಷಣದಲ್ಲಿ ಡ್ರೋನು ಎಲ್ಲಿತ್ತು, ಎಷ್ಟು ವಾಲಿತ್ತು ಎಂಬುದೂ ಬೇಕು. ಅದಕ್ಕೆ ಜಿಪಿಎಸ್ ಮತ್ತು ವಾಲುವಿಕೆ ಅಳೆಯುವ ಉಪಕರಣ ಜೊತೆಗೇ ಇರುತ್ತವೆ. ಎಲ್ಲ ಬಿಂದುಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದರೆ ಊರು, ಹೊಲ, ಹಳ್ಳ ಎಲ್ಲವೂ ಚುಕ್ಕೆಗಳಲ್ಲಿ ಎದ್ದು ನಿಲ್ಲುತ್ತವೆ, ರಂಗೋಲಿಯ ಚುಕ್ಕೆ ಮೇಲೆದ್ದ ಹಾಗೆ. ನಮ್ಮ ಕಡೆ ಯಾವ ಡ್ರೋನ್ ಹಾರಿದರೂ ಲೈಡಾರ್ ಎಂದು ತಿಳಿಯಬೇಡಿ. ಹಳ್ಳಿಗಳ ಮನೆಜಾಗ ಗುರುತಿಸಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನುಗಳು ತೆಗೆಯುವುದು ಫೋಟೋ.

ಫೋಟೋಕ್ಕೂ ಲೈಡಾರಿಗೂ ಏನು ಫರಕು? ಕಬ್ಬಿನ ಹೊಲಕ್ಕೆ ಬನ್ನಿ. ಮೇಲಿಂದ ಫೋಟೋ ತೆಗೆದರೆ ಕಾಣುವುದು ಹಸಿರು ರವದಿ ಮಾತ್ರ. ಲೈಡಾರಿನ ಒಂದು ಮಿಡಿತ ಬಿದ್ದರೆ ಸ್ವಲ್ಪ ಬೆಳಕು ಮೇಲಿನ ಎಲೆಗೆ ತಾಗಿ ಬೇಗ ತಿರುಗುತ್ತದೆ, ಸ್ವಲ್ಪ ನಡುವಿನ ಎಲೆಗೆ, ಉಳಿದದ್ದು ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಮೊದಲು ಬಂದದ್ದು ಬೆಳೆಯ ತುದಿ, ಕೊನೆಗೆ ಬಂದದ್ದು ನೆಲ. ಎರಡನ್ನೂ ಕಳೆದರೆ ಬೆಳೆಯ ಎತ್ತರ. ಕಬ್ಬು ಬಹಳ ದಟ್ಟವಾಗಿದ್ದರೆ ನೆಲ ಮುಟ್ಟುವ ಬೆಳಕು ಕಡಿಮೆ, ಆಗ ಲೆಕ್ಕ ಕಷ್ಟ. ಎಲೆಯ ಸಂದಿಯಲ್ಲಿ ನುಸುಳುವ ಈ ಗುಣದಿಂದಲೇ 2012ರಲ್ಲಿ ಕಾಂಬೋಡಿಯದ ಅಂಕೋರ್ ಸುತ್ತಲಿನ ಕಾಡಿನ ಕೆಳಗೆ ಮುಚ್ಚಿಹೋಗಿದ್ದ ಹಳೆಯ ಊರಿನ ಬೀದಿ, ಕಾಲುವೆಗಳ ಗುರುತು ಕಂಡವು. 2018ರಲ್ಲಿ ಗ್ವಾಟೆಮಾಲಾದ ಕಾಡಿನಲ್ಲಿ ಮಾಯಾ ಜನರ 60 ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕವು. ಒಂದು ಮರ ಕಡಿಯದೆ!

ಖಣಿಗಳಲ್ಲಿ ತೆಗೆದ ಕಲ್ಲಿನ ಗಾತ್ರ ಲೆಕ್ಕ ಹಾಕಲೂ ಲೇಸರ್ ಅಳತೆ ನಡೆಯುತ್ತದೆ. ನಮ್ಮ ಸುಣ್ಣದ ಕಲ್ಲಿನ ಮಾತು ಬಂದಿತೆಂದು ಹೇಳುತ್ತೇನೆ: ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ "ಲೋಕಾಪುರ ಉಪಗುಂಪು" ಎಂದೇ ಹೆಸರಿದೆ. ಹೊರಗಿನವರು ಓದಿ ಪರೀಕ್ಷೆ ಬರೆಯುವ ಹೆಸರು ನಮ್ಮೂರದು.

ಎತ್ತರ ಅಳೆದರೆ ಏನು ಬಂತು ಎಂದು ಕೇಳುವವರಿಗೆ ನಮ್ಮ ಸೋದರಮಾವನ ಮನೆಯ ಮಾತು ಹೇಳಬೇಕು. ಅವರದು ಘಟಪ್ರಭಾ ದಂಡೆಯ ಊರು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ನೀರು ಮಾವನ ಮನೆಯ ಹೊಸ್ತಿಲ ತನಕ ಬಂದು ನಿಂತಿತು. ಅತ್ತಿ ಇಡೀ ರಾತ್ರಿ ಕಂದೀಲು ಹಿಡಿದು ಹೊಸ್ತಿಲ ಮುಂದೆ ಕೂತಿದ್ದರಂತೆ. ಪಕ್ಕದ ಮನೆ ಮೂರು ಮೆಟ್ಟಿಲು ಕೆಳಗಿದೆ. ಅವರ ಜೋಳದ ಚೀಲಗಳು ನೆನೆದು ಮೊಳಕೆ ಒಡೆದವು, ಗ್ವಾಡಿ ಬಿತ್ತು. ಹೊಳೆ ಒಂದೇ, ಓಣಿ ಒಂದೇ. ಫರಕು ಮೂರು ಮೆಟ್ಟಿಲು. "ನಮ್ಮ ಹಿರ್ಯಾರು ಬುನಾದಿ ಎತ್ತರ ಹಾಕಿದ್ರು, ಅದಕ್ಕ ಉಳದೀವಿ" ಎಂದು ಮಾವ ಈಗಲೂ ಹೇಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಎತ್ತರದ ಅಂಕಿ ಎಂದರೆ ಮನೆ ಮಠದ ಪ್ರಶ್ನೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಇದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನೂ ಏರಿಸಿಲ್ಲ. ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಆಗಲೇ ನೀರಿಗೆ ಹೋಗಿ ಜನ ನವನಗರಕ್ಕೆ ಬಂದದ್ದು ನಿಮಗೆ ಗೊತ್ತು. ಈ 524.256 ಎಂಬ ಅಂಕಿ ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು. ದಶಾಂಶದ ಮುಂದೆ ಮೂರು ಅಂಕಿ, ಅಂದರೆ ಒಂದು ಮಿಲಿಮೀಟರ್! ಅಷ್ಟು ಸೂಕ್ಷ್ಮವಾಗಿ ನೀರು ನಿಲ್ಲಿಸುವುದು ಸಾಧ್ಯವೇ? ಒಂದು ಅಡಿ ಎಂದರೆ 0.3048 ಮೀಟರ್. ಇದರಿಂದ ಭಾಗಿಸಿ ನೋಡಿ. ಸರಿಯಾಗಿ 1720 ಅಡಿ ಬರುತ್ತದೆ, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ. ಆ ಮೂರು ಅಂಕಿ ಅಳತೆಯ ಸೂಕ್ಷ್ಮವಲ್ಲ, ಅಡಿಯನ್ನು ಮೀಟರು ಮಾಡಿದಾಗ ಉದುರಿದ ಚೂರು. ಈ ಗುಟ್ಟು ಸಿಕ್ಕ ದಿನ ನಾನು ಊಟ ಮಾಡುವುದನ್ನೂ ಮರೆತಿದ್ದೆ.

ಎರಡೂ ಮಟ್ಟಗಳ ಅಂತರ 4.656 ಮೀಟರ್, ಸುಮಾರು ಹದಿನೈದು ಅಡಿ. ಮೊಬೈಲಿನ ನಕ್ಷೆಯಲ್ಲಿ ಊರಿನ ಎತ್ತರ ನೋಡಿ "ನಮ್ಮದು ಮುಳುಗೂದಿಲ್ಲ" ಅನ್ನುವವರಿದ್ದಾರೆ. ಬಾಹ್ಯಾಕಾಶದಿಂದ ರೇಡಾರ್ ಹಿಡಿದು ಮಾಡಿದ ಎತ್ತರದ ನಕ್ಷೆಗಳಲ್ಲಿ ಕೆಲವು ಮೀಟರ್ ತಪ್ಪು ಇರುವುದು ಸಾಮಾನ್ಯ. ಅಂತರವೇ ನಾಲ್ಕೂವರೆ ಮೀಟರ್ ಚಿಲ್ಲರೆ ಇರುವಾಗ ಕೆಲವು ಮೀಟರ್ ತಪ್ಪುವ ನಕ್ಷೆಯನ್ನು ನಂಬಿ ಏನು ಹೇಳುವುದು? ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಹೊಲದಲ್ಲಿ, ಎತ್ತರ ಒಂದು ಮೀಟರ್ ತಪ್ಪಿದರೆ ನೀರಿನ ಅಂಚು ನೂರು ಮೀಟರ್ ಆಚೆ ಈಚೆ ಆಗುತ್ತದೆ. ಅಷ್ಟರಲ್ಲಿ ಒಬ್ಬನ ಇಡೀ ಹೊಲ ಒಳಗೂ ಬೀಳಬಹುದು, ಹೊರಗೂ ಉಳಿಯಬಹುದು. ವಿಮಾನದಿಂದ ಚೆನ್ನಾಗಿ ಮಾಡಿದ ಲೈಡಾರ್ ಅಳತೆ ಬಯಲು ನೆಲದಲ್ಲಿ 10-15 ಸೆಂಟಿಮೀಟರಿನೊಳಗೆ ಬರುತ್ತದೆ. ಮಾವನ ಮನೆಗೂ ಪಕ್ಕದ ಮನೆಗೂ ಇರುವ ಮೂರು ಮೆಟ್ಟಿಲಿನ ಫರಕು ಅದಕ್ಕೆ ಕಾಣುತ್ತದೆ. ನೆರೆ ನಕ್ಷೆ ಮಾಡುವವರು ಇದನ್ನು ಬಯಸುವುದು ಅದಕ್ಕಾಗಿಯೇ. ಒಂದು ದೋಷವೂ ಇದೆ: ಸಾಮಾನ್ಯವಾಗಿ ಬಳಸುವ, ಕಣ್ಣಿಗೆ ಕಾಣದ ಕೆಂಪಿನಾಚೆಯ ಲೇಸರನ್ನು ನೀರು ನುಂಗಿಬಿಡುತ್ತದೆ. ನೀರಿನ ತಳ ನೋಡಲು ಹಸಿರು ಲೇಸರ್ ಬೇಕು, ಅದೂ ತಿಳಿನೀರಿನಲ್ಲಿ ಮಾತ್ರ. ನಮ್ಮ ಹೊಳೆಯ ರಾಡಿ ನೀರಿನಲ್ಲಿ ಅದರ ಆಟವೂ ನಡೆಯುವುದಿಲ್ಲ.

ಇನ್ನು ಚಂದ್ರನ ಕಡೆ ಹೋಗೋಣ. ಕರ್ನಾಟಕದಲ್ಲಿ ತಯಾರಾದ ಬೆಳಕಿನ ಸರಪಳಿ ಅಲ್ಲಿಗೂ ಹೋಗಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ಚಂದ್ರನ ಎತ್ತರ ತಗ್ಗು ಅಳೆಯುವ ಲೇಸರ್ ಉಪಕರಣವಿತ್ತು. ಅದನ್ನು ಮಾಡಿದವರು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಎಂಬ ಪ್ರಯೋಗಾಲಯದವರು. ನೂರು ಕಿಲೋಮೀಟರ್ ಮೇಲಿಂದ ಅದು ಸೆಕೆಂಡಿಗೆ 10 ಮಿಡಿತ ಬಿಡುತ್ತಿತ್ತು. ಹೋಗಿ ಬರುವ 200 ಕಿಲೋಮೀಟರಿಗೆ ಬೆಳಕಿಗೆ ಹಿಡಿಯುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ನೌಕೆ ಚಂದ್ರನ ನೆಲದ ಮೇಲೆ ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ಸಾಗುತ್ತಿತ್ತು. ಹಾಗಾಗಿ ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಸುಮಾರು 150 ಮೀಟರ್. ಮಾರು ಹಾಕುತ್ತ ಹೊಲ ದಾಟಿದ ಹಾಗೆ ಅದು ಚಂದ್ರನನ್ನು ಅಳೆಯಿತು. 2009ರ ಆಗಸ್ಟ್ 29ರಂದು ನೌಕೆಯ ಸಂಪರ್ಕ ಕಡಿಯಿತು.

2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಅಪ್ಪಳಿಸಿತು. ಅದನ್ನು ನೆನಪಿಟ್ಟೇ ಚಂದ್ರಯಾನ-3ರಲ್ಲಿ ಎತ್ತರ ಅಳೆಯುವ ಲೇಸರಿನ ಜೊತೆ ವೇಗ ಅಳೆಯುವ ಲೇಸರನ್ನೂ ಸೇರಿಸಿದರು. ರೈಲು ಹತ್ತಿರ ಬರುವಾಗ ಸೀಟಿ ತೀಕ್ಷ್ಣವಾಗಿ, ದೂರ ಹೋಗುವಾಗ ದಪ್ಪವಾಗಿ ಕೇಳುತ್ತದಲ್ಲ, ಹಾಗೆಯೇ ತಿರುಗಿ ಬಂದ ಬೆಳಕಿನ ಅಲೆಯಲ್ಲೂ ಬಹಳ ಸಣ್ಣ ಬದಲಾವಣೆ ಇರುತ್ತದೆ. ಅದನ್ನು ಹಿಡಿದರೆ ವೇಗ ತಿಳಿಯುತ್ತದೆ. 2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಮೆತ್ತಗೆ ಇಳಿಯಿತು. ಆ ಸಂಜೆ ಓಣಿಯವರೆಲ್ಲ ಒಂದೇ ಟಿವಿಯ ಮುಂದೆ ಕೂತಿದ್ದೆವು. ಎತ್ತರದ ಅಂಕಿ ಇಳಿಯುತ್ತಿದ್ದುದನ್ನು ನಾವೂ ಎಣಿಸಿದೆವು.

ದೂರದಲ್ಲಿ ಬಿಸಿಲಲ್ಲಿ ಕೋಲು ಹಿಡಿದು ನಿಂತವರನ್ನು ನೆನಪಿಸಿಕೊಳ್ಳಿ. ಅವರ ಕೋಲಿನ ತುದಿಯ ಗಾಜಿನ ಬಿಲ್ಲೆಗೆ ಪ್ರಿಸಂ ಎನ್ನುತ್ತಾರೆ. ಕೋಣೆಯ ಮೂಲೆಯಂತೆ ಮೂರು ಮುಖ ಕೂಡುವ ಹಾಗೆ ಅದನ್ನು ಕೊರೆದಿರುತ್ತಾರೆ. ಯಾವ ಕಡೆಯಿಂದ ಬೆಳಕು ಬಂದರೂ ಅದು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ವಿಕ್ರಮ್ ಲ್ಯಾಂಡರಿನ ಮೇಲೂ ಇಂಥ ಎಂಟು ಪ್ರಿಸಂಗಳ ಒಂದು ಬಿಲ್ಲೆ ಇದೆ. ಅಗಲ ಎರಡೇ ಇಂಚು. ಅಮೆರಿಕದ ನಾಸಾ ಕೊಟ್ಟದ್ದು. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ವಿಕ್ರಮ್ ಕೆಲಸ ಮುಗಿಸಿ ಚಂದ್ರನ ಚಳಿಯಲ್ಲಿ ಮಲಗಿ ಮೂರು ತಿಂಗಳಾದ ಮೇಲೆ, 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಒಂದು ನೌಕೆ ನೂರು ಕಿಲೋಮೀಟರ್ ದೂರದಿಂದ ಅದರ ಕಡೆ ಲೇಸರ್ ಬಿಟ್ಟಿತು. ಬೆಳಕು ತಿರುಗಿ ಬಂತು. 1969ರಲ್ಲಿ ಅಪೊಲೊ-11ರವರು ಇಟ್ಟು ಬಂದ ಪ್ರಿಸಂಗಳಿಂದಲೂ ಇಂದಿಗೂ ಬೆಳಕು ಬರುತ್ತದೆ. ಚಂದ್ರ ನಮ್ಮಿಂದ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ ಎಂದು ಗೊತ್ತಾದದ್ದು ಹೀಗೆ ಅಳೆದೇ.

ಮರುದಿನ ಸರ್ವೇ ಸಾಹೇಬರು ಪೆಟ್ಟಿಗೆಯ ಗಾಜಿನಲ್ಲಿ ನೋಡಲು ನನ್ನನ್ನು ಕರೆದಿದ್ದರು. ದೂರದ ಪ್ರಿಸಂ ತಲೆಕೆಳಗಾಗಿ ಅಲ್ಲ, ನೆಟ್ಟಗೇ ಕಂಡಿತು. ಒಂದು ಗುಂಡಿ ಒತ್ತಿದರು. ಅಂಕಿ ಮೂಡಿತು. ಎಷ್ಟು ಎಂದು ಬರೆದುಕೊಳ್ಳುವುದನ್ನು ಮರೆತೆ.

ಎಲ್ಲರಿಗೂ ಒಂದು ಲೆಕ್ಕ: ಕಬ್ಬಿನ ಹೊಲದ ಮೇಲೆ ಒಂದೇ ಕಡೆ ನಿಂತ ಡ್ರೋನಿನಿಂದ ನೇರ ಕೆಳಕ್ಕೆ ಒಂದು ಮಿಡಿತ ಬಿಟ್ಟಿದೆ. ಎಲೆಯ ತುದಿಗೆ ತಾಗಿದ ಬೆಳಕು 400 ನ್ಯಾನೋಸೆಕೆಂಡಿಗೆ ತಿರುಗಿ ಬಂತು. ನೆಲಕ್ಕೆ ತಾಗಿದ್ದು 420 ನ್ಯಾನೋಸೆಕೆಂಡಿಗೆ ಬಂತು. ಡ್ರೋನು ನೆಲದಿಂದ ಎಷ್ಟು ಎತ್ತರದಲ್ಲಿದೆ? ಕಬ್ಬು ಎಷ್ಟು ಎತ್ತರ ಬೆಳೆದಿದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಈ ಪತ್ರಿಕೆಯ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ. ಅರ್ಧ ಮಾಡುವುದನ್ನು ಮರೆತವರ ಹೆಸರು ಬರೆಯುವುದಿಲ್ಲ.